‘ಏನೋ ಮಿಸ್ಸಿಂಗು’ ಅನ್ನುವ ಬಾಸು: ಕ್ರಿಯೇಟಿವ್ ಕಂಪನಿಗಳ ಕಾಟ, ಅದರ ಲೆಕ್ಕ

ಅಕೌಂಟ್ಸ್‌ನವರ ಲೆಕ್ಕ ಕೊನೆಯ ಪೈಸೆಗೆ ತಾಳೆಯಾದರೆ ಆ ದಿನದ ಕೆಲಸ ಮುಗಿಯಿತು. ಜಾಹೀರಾತು ಏಜೆನ್ಸಿ, ವಿಡಿಯೊ ಪ್ರೊಡಕ್ಷನ್ ಹೌಸ್, ಅನಿಮೇಷನ್ ಸ್ಟುಡಿಯೊಗಳಲ್ಲಿ ಹಾಗಲ್ಲ. ಅಲ್ಲಿ ಕೆಲಸ ಮುಗಿಯುವುದು ಒಬ್ಬರು ‘ಓಕೆ’ ಅಂದಾಗ. ಆ ಓಕೆಗೆ ಅಳತೆಯಿಲ್ಲ, ಕಾರಣ ಕೊಡಬೇಕೆಂಬ ಕಟ್ಟುಪಾಡಿಲ್ಲ, ನಿನ್ನೆ ಕೊಟ್ಟ ಓಕೆ ಇವತ್ತೂ ಉಳಿದಿರಬೇಕೆಂದೇನಿಲ್ಲ. ಮೇಲಿನವರ ಕಾಟ ಇಂಥ ಆಫೀಸುಗಳಲ್ಲಿ ಬೇಗ ಬೇರುಬಿಡುವುದು ಇದೇ ಕಾರಣಕ್ಕೆ.

ಕಿರುಚಾಡುವ ಬಾಸು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆದರೆ ಹೆಚ್ಚು ಜನರನ್ನು ಸುಸ್ತು ಮಾಡಿ ಮನೆಗೆ ಕಳಿಸುವುದು ಕಿರುಚಾಟವಲ್ಲ. ಬ್ರೀಫ್, ಅಂದರೆ ಏನು ಮಾಡಬೇಕೆಂಬ ವಿವರ, ಕೊಡದಿರುವುದು, ಕೊಟ್ಟದ್ದನ್ನು ನಡುವೆ ಬದಲಿಸಿ ‘ನಾನು ಮೊದಲಿಂದಲೂ ಇದನ್ನೇ ಹೇಳಿದ್ದು’ ಎನ್ನುವುದು, ಕ್ಲೈಂಟ್ ಕೇಳುವ ಮೊದಲೇ ‘ನಾಳೆ ಬೆಳಿಗ್ಗೆ ಕೊಡ್ತೀವಿ’ ಎಂದು ಒಪ್ಪಿಕೊಳ್ಳುವುದು, ಮುಗಿದ ಕೆಲಸದಿಂದ ಹೆಸರು ತೆಗೆಯುವುದು. ಇವೆಲ್ಲ ಸದ್ದಿಲ್ಲದೆ ನಡೆಯುತ್ತವೆ, ಎಚ್‌ಆರ್ ಮುಂದೆ ಹೇಳಿದರೆ ‘ಕ್ರಿಯೇಟಿವ್ ಡಿಫರೆನ್ಸ್’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತವೆ. ಹಾಗಾಗಿ ಅಳತೆಗೆ ಸಿಗುವುದನ್ನೆಲ್ಲ ಅಳತೆಗೆ ತರಬೇಕು: ಬ್ರೀಫು, ವರ್ಷನ್ ನಂಬರು, ಗಂಟೆ, ಹೆಸರು. ಕೆಳಗಿರುವುದೆಲ್ಲ ಅದರ ವಿವರ.

‘ಸಣ್ಣ ಚೇಂಜು ಅಷ್ಟೇ’

30 ಸೆಕೆಂಡಿನ ಜಾಹೀರಾತು, ಸೆಕೆಂಡಿಗೆ 25 ಫ್ರೇಮ್. ಒಟ್ಟು 750 ಫ್ರೇಮ್. 3ಡಿ ಪಾತ್ರವಿರುವ ಒಂದು ಫ್ರೇಮ್ ರೆಂಡರ್ ಆಗಲು (ಕಂಪ್ಯೂಟರ್ ಅದನ್ನು ಪೂರ್ಣ ಚಿತ್ರವಾಗಿಸಲು) 4 ನಿಮಿಷ ಎಂದಿಟ್ಟುಕೊಳ್ಳಿ, ಇದೇನೂ ಭಾರೀ ಫ್ರೇಮ್ ಅಲ್ಲ. 3,000 ನಿಮಿಷ, ಅಂದರೆ ಒಂದು ಮಷೀನಿಗೆ 50 ಗಂಟೆ, ಐದು ಮಷೀನಿಗೆ 10 ಗಂಟೆ. ಸಂಜೆ 7ಕ್ಕೆ ಬಂದು ‘ಕ್ಯಾಮೆರಾ ಸ್ವಲ್ಪ ಕೆಳಗಿಂದ ಇಡೋಣ’ ಎಂದರೆ, ಸೀನ್ ಸರಿಪಡಿಸಲು ಎರಡು ಗಂಟೆ, ರೆಂಡರ್ ಶುರುವಾಗುವುದು 9ಕ್ಕೆ, ಮುಗಿಯುವುದು ಬೆಳಿಗ್ಗೆ 7ಕ್ಕೆ. ಆಮೇಲೆ ಕಾಂಪೊಸಿಟಿಂಗ್ (ಪದರಗಳನ್ನು ಒಂದೇ ಚಿತ್ರಕ್ಕೆ ಜೋಡಿಸುವುದು), ಕಲರ್, ಸೌಂಡ್. ಕ್ಲೈಂಟ್ ಮೀಟಿಂಗ್ 10ಕ್ಕೆ. ರಾತ್ರಿ ಎರಡು ಗಂಟೆಗೆ ಒಂದು ಮಷೀನ್ ಕೈಕೊಟ್ಟರೆ ನೋಡಿಕೊಳ್ಳಲು ಒಬ್ಬರು ಅಲ್ಲೇ ಇರಬೇಕು. ಆ ‘ಒಬ್ಬರು’ ಸಾಮಾನ್ಯವಾಗಿ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರು.

3ಡಿ ಇಲ್ಲದ ಎಡಿಟ್‌ನಲ್ಲೂ ಕಥೆ ಇಷ್ಟೇ. ಪಿಕ್ಚರ್ ಲಾಕ್ ಆದ ಮೇಲೆ, ಅಂದರೆ ಇನ್ನು ಎಡಿಟ್ ಬದಲಾಗದು ಎಂದು ತೀರ್ಮಾನವಾದ ಮೇಲೆ, ಎಂಟನೇ ಸೆಕೆಂಡಿನಲ್ಲಿ 12 ಫ್ರೇಮ್ ಕತ್ತರಿಸಿದರೆ, ಅಲ್ಲಿಂದ ಮುಂದಿನ ವಾಯ್ಸ್ ಓವರ್, ಮ್ಯೂಸಿಕ್ ಬೀಟ್, ಸೌಂಡ್ ಎಫೆಕ್ಟ್, ಸಬ್‌ಟೈಟಲ್ ಎಲ್ಲವೂ ಅರ್ಧ ಸೆಕೆಂಡು ಜಾರುತ್ತವೆ. ಮಿಕ್ಸ್ ಮುಗಿಸಿದ ಸೌಂಡಿನವರು, ಗ್ರೇಡ್ (ಬಣ್ಣ ಹೊಂದಿಸುವುದು) ಮುಗಿಸಿದ ಕಲರಿಸ್ಟ್ ಇಬ್ಬರೂ ಮತ್ತೆ ಕೂರಬೇಕು. ಡಿಜಿಟಲ್ ಕ್ಯಾಂಪೇನ್ ಆದರೆ ಅಡ್ಡ, ಉದ್ದ, ಚೌಕ ಎಂದು ಮೂರು ಆಕಾರ. 30, 15, 6 ಸೆಕೆಂಡು ಎಂದು ಮೂರು ಅಳತೆ. ಕನ್ನಡ, ತಮಿಳು, ತೆಲುಗು, ಹಿಂದಿ ಎಂದು ನಾಲ್ಕು ಭಾಷೆ. ಒಟ್ಟು 36 ಫೈಲು. ‘ಲೋಗೊ ಚೂರು ದೊಡ್ಡದು ಮಾಡಿ’ ಎಂದರೆ 36 ಸಲ ಲೋಗೊ ಸರಿಪಡಿಸಬೇಕು, 36 ಫೈಲು ಹೊರತೆಗೆಯಬೇಕು, 36ನ್ನೂ ಕೂತು ನೋಡಬೇಕು. ಉದ್ದ ಫ್ರೇಮಿನಲ್ಲಿ ದೊಡ್ಡ ಲೋಗೊ ಸಬ್‌ಟೈಟಲಿನ ಮೇಲೆ ಕೂತರೆ ಅವನ್ನು ಮತ್ತೆ ಜೋಡಿಸಬೇಕು.

ಈ ಲೆಕ್ಕ ಗೊತ್ತಿಲ್ಲದ ಬಾಸು ಬೇರೆ, ಗೊತ್ತಿದ್ದೂ ಕೇಳುವ ಬಾಸು ಬೇರೆ. ಯಾರು ಯಾವ ಬಗೆಯವರು ಎಂದು ತಿಳಿಯಲು ‘ಆಗಲ್ಲ ಸರ್’ ಎನ್ನಬೇಡಿ. ಸಮಯ ಬರೆದು ಆಯ್ಕೆ ಅವರ ಕೈಗೇ ಕೊಡಿ: ‘ಸರ್, ಈಗ ಆ್ಯಂಗಲ್ ಬದಲಿಸಿದರೆ ರೆಂಡರ್ ಬೆಳಿಗ್ಗೆ 7ಕ್ಕೆ ಮುಗಿಯುತ್ತೆ, ಒಂದು ಮಷೀನ್ ನಿಂತರೂ 10ಕ್ಕೆ ಕೊಡೋಕಾಗಲ್ಲ. ಹಳೇ ಆ್ಯಂಗಲ್ಲಲ್ಲೇ ನಾಳೆ ತೋರಿಸಿ, ಹೊಸದನ್ನ ಶುಕ್ರವಾರ ಕೊಡಬಹುದು. ಯಾವುದು ಮಾಡೋಣ?’ ಗೊತ್ತಿಲ್ಲದ ಬಾಸು ಒಂದನ್ನು ಆರಿಸುತ್ತಾರೆ, ಮುಂದಿನ ಸಲ ಮಧ್ಯಾಹ್ನವೇ ಬಂದು ನೋಡುತ್ತಾರೆ. ಇನ್ನೊಬ್ಬರು ‘ಆಟಿಟ್ಯೂಡ್ ತೋರಿಸ್ಬೇಡ’ ಎಂದು ಬರೆಯುತ್ತಾರೆ. ಆ ಉತ್ತರವನ್ನು ಜೋಪಾನ ಮಾಡಿ, ಮುಂದೆ ಬೇಕಾಗುತ್ತದೆ.

ಹೊರೆ ಎಲ್ಲಿಂದ ಬರುತ್ತದೆ

ಬಾಸಿನ ಸ್ವಭಾವಕ್ಕೇ ಎಲ್ಲ ಕಟ್ಟಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಏಜೆನ್ಸಿಗಳು ತಿಂಗಳ ರಿಟೇನರ್ (ನಿಗದಿತ ಶುಲ್ಕ) ಮೇಲೆ ಕ್ಲೈಂಟ್ ಹಿಡಿಯುತ್ತವೆ. ‘ನಿಮ್ಮ ಬ್ರ್ಯಾಂಡಿಗೆ ಒಬ್ಬ ಡಿಸೈನರ್‌ನ ಅರ್ಧ ಸಮಯ’ ಎಂದು ಕಾಗದದ ಮೇಲೆ ಬರೆದುಕೊಡುತ್ತವೆ. ಅದೇ ಡಿಸೈನರ್ ಇನ್ನಿಬ್ಬರು ಕ್ಲೈಂಟುಗಳಿಗೂ ಅರ್ಧರ್ಧ. ಮೂರು ಅರ್ಧ ಸೇರಿದರೆ ಒಂದೂವರೆ ಮನುಷ್ಯ. ಆ ಹೆಚ್ಚುವರಿ ಅರ್ಧವೇ ನಿಮ್ಮ ಶನಿವಾರ. ಇದರ ಮೇಲೆ ಪಿಚ್, ಅಂದರೆ ಹೊಸ ಕ್ಲೈಂಟ್ ಗೆಲ್ಲುವ ಸ್ಪರ್ಧೆ: ಶುಕ್ರವಾರ ಸಂಜೆ ಬ್ರೀಫ್, ಸೋಮವಾರ ಪ್ರೆಸೆಂಟೇಷನ್, ಗೆದ್ದರಷ್ಟೇ ದುಡ್ಡು. ಪಿಚ್ಚಿಗೆ ಹೋದ ಗಂಟೆ ಯಾರ ಬಿಲ್ಲಿನಲ್ಲೂ ಇರುವುದಿಲ್ಲವಾದ್ದರಿಂದ ಅದು ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳಲಾಗುತ್ತದೆ. ಪಿಜ್ಜಾ ತರಿಸಿದರೆ ರಾತ್ರಿ ಕೆಲಸ ಸಕ್ರಮವಾಗುತ್ತದೆ ಎಂಬ ನಂಬಿಕೆ ಬೇರೆ!

ಹೊಸ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದಾಗ ಇದನ್ನೇ ಕೇಳಿ. ‘ನಾನು ಎಷ್ಟು ಅಕೌಂಟ್ (ಕ್ಲೈಂಟ್) ನೋಡಬೇಕು? ಒಂದೊಂದಕ್ಕೂ ತಿಂಗಳಿಗೆ ಎಷ್ಟು ಕ್ರಿಯೇಟಿವ್ (ಜಾಹೀರಾತು)? ಕೊನೆಯ ಓಕೆ ಯಾರದು? ನನ್ನ ಜಾಗದಲ್ಲಿ ಹಿಂದೆ ಇದ್ದವರು ಎಷ್ಟು ದಿನ ಇದ್ದರು?’ ಕೊನೆಯ ಎರಡು ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ, ‘ನಾವೆಲ್ಲ ಇಲ್ಲಿ ಫ್ಯಾಮಿಲಿ ಥರ’ ಎಂಬ ಮಾತು ಮಾತ್ರ ಬಂದರೆ, ಯೋಚಿಸಿ.

ಬ್ರೀಫ್ ಇಲ್ಲದ ಕೆಲಸ

‘ಫೀಲ್ ಬರ್ತಿಲ್ಲ’, ‘ಪಾಪ್ ಆಗ್ತಿಲ್ಲ’, ‘ಏನೋ ಮಿಸ್ಸಿಂಗು, ನೀನೇ ಹುಡುಕು’. ಈ ಮಾತುಗಳಿಂದ ಏನನ್ನೂ ಸರಿಪಡಿಸಲಾಗದು. ಉಪಯೋಗಕ್ಕೆ ಬರುವ ಫೀಡ್‌ಬ್ಯಾಕಿನಲ್ಲಿ ಮೂರು ಇರಬೇಕು: ಎಲ್ಲಿ, ಏನು ತೊಂದರೆ, ಯಾಕೆ. ‘11ನೇ ಸೆಕೆಂಡಿನಲ್ಲಿ ಬೆಲೆ ತೋರಿಸುವ ಹೊತ್ತಿಗೆ ಕಣ್ಣು ಮಗುವಿನ ಮುಖದ ಮೇಲಿರುತ್ತದೆ, ಬೆಲೆ ಓದಲಾಗುತ್ತಿಲ್ಲ’ ಎಂದರೆ ಹತ್ತು ನಿಮಿಷದ ಕೆಲಸ. ‘ಪಾಪ್ ಆಗ್ತಿಲ್ಲ’ ಎಂದರೆ ಹತ್ತು ವರ್ಷನ್.

ತಿದ್ದುವ ಉಪಾಯ ಬಹಳ ಸರಳ, ಆದರೆ ಪ್ರತಿ ಸಲ ಮಾಡಬೇಕು. ಕ್ಯಾಬಿನ್ನಿನಲ್ಲೋ ಫೋನಿನಲ್ಲೋ ಬಾಯಿಮಾತಿನ ಬ್ರೀಫ್ ಸಿಕ್ಕ ಹದಿನೈದು ನಿಮಿಷದೊಳಗೆ ಒಂದು ಮೇಲ್ ಹಾಕಿ: ಯಾರಿಗಾಗಿ ಈ ಫಿಲ್ಮ್, ಒಂದೇ ಒಂದು ಮಾತು ಏನು ಹೇಳಬೇಕು, ಎಷ್ಟು ಸೆಕೆಂಡು, ಯಾವ ಆಕಾರ, ಯಾವ ಭಾಷೆ, ಕಡ್ಡಾಯ ಏನೇನು (ಲೋಗೊ, ಷರತ್ತಿನ ಸಾಲು), ಕೊನೆಯ ಓಕೆ ಯಾರದು, ಯಾವಾಗ ಬೇಕು. ಕೊನೆಗೆ ‘ನಾನು ಹೀಗೆ ಅರ್ಥ ಮಾಡಿಕೊಂಡು ಶುರು ಮಾಡುತ್ತಿದ್ದೇನೆ, ತಪ್ಪಿದ್ದರೆ ತಿಳಿಸಿ’. ಉತ್ತರ ಬಾರದಿದ್ದರೂ ಆ ಮೇಲ್ ದಿನಾಂಕ ಸಮೇತ ಕೂತಿರುತ್ತದೆ. ‘ನಾನು ಹಾಗೆ ಹೇಳೇ ಇಲ್ಲ’ ಎನ್ನುವವರಿಗೆ ಜಗಳವಿಲ್ಲದೆ ಅದನ್ನೇ ಮತ್ತೆ ಫಾರ್ವರ್ಡ್ ಮಾಡಿದರೆ ಸಾಕು.

ಫೈಲಿನ ಹೆಸರೂ ದಾಖಲೆಯೇ. ‘ಫೈನಲ್’, ‘ಫೈನಲ್ ಫೈನಲ್’, ‘ಫೈನಲ್ ನಿಜವಾಗ್ಲೂ’ ಎಂದಿಟ್ಟರೆ ಮೂರು ತಿಂಗಳ ನಂತರ ಏನೂ ತಿಳಿಯದು. ಪ್ರಾಜೆಕ್ಟ್, ವರ್ಷನ್ ನಂಬರು, ದಿನಾಂಕ, ಯಾರ ಮಾತಿನ ಮೇಲೆ ಬದಲಾಯಿತು ಎಂಬ ಗುರುತು ಇರಲಿ. ರಿವ್ಯೂಗೆ ಟೈಮ್‌ಕೋಡ್ (ವಿಡಿಯೊದ ನಿಖರ ಕ್ಷಣ) ಮೇಲೆ ಕಾಮೆಂಟ್ ಹಾಕುವ ಸಾಫ್ಟ್‌ವೇರ್ ಆಫೀಸಿನಲ್ಲಿದ್ದರೆ, ವಾಟ್ಸ್ಯಾಪಿನಲ್ಲಿ ಬಂದ ಕಾಮೆಂಟನ್ನೂ ನೀವೇ ಅಲ್ಲಿ ನಮೂದಿಸಿ. ಬೇಕಂತಲೇ ಬಾಯಲ್ಲಿ ಮಾತ್ರ ಹೇಳುವ ಬಾಸುಗಳಿದ್ದಾರೆ. ಗ್ರೂಪಿನಲ್ಲಿ ಸಂದೇಶ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಹಾಕಿಡುವವರೂ ಇದ್ದಾರೆ. ಅದು 24 ಗಂಟೆಗೋ 7 ದಿನಕ್ಕೋ 90 ದಿನಕ್ಕೋ ಎಂದು ಮೊದಲು ನೋಡಿ, ಅಷ್ಟರೊಳಗೆ ಬರೆದುಕೊಳ್ಳಿ.

ಜಾಹೀರಾತಿನ ಸಾಲು ಬರೆಯುವ ಬೆಂಗಳೂರಿನ ಕನ್ನಡ ಕಾಪಿರೈಟರ್‌ಗಳದು ಇದರಲ್ಲೇ ಇನ್ನೊಂದು ಪಾಡು. ಇಂಗ್ಲಿಷ್ ಕಾಪಿಗೆ ಎರಡು ವಾರ, ಕನ್ನಡಕ್ಕೆ ‘ಟ್ರಾನ್ಸ್‌ಲೇಷನ್ ತಾನೇ’ ಎಂದು ಅರ್ಧ ಗಂಟೆ. ಕನ್ನಡ ಓದಲು ಬಾರದ ಕ್ರಿಯೇಟಿವ್ ಡೈರೆಕ್ಟರ್ ಅದನ್ನು ಯಂತ್ರಕ್ಕೆ ಕೊಟ್ಟು ಮತ್ತೆ ಇಂಗ್ಲಿಷಿಗೆ ತಿರುಗಿಸಿಕೊಂಡು, ‘ನಾವು ಬರೆದಿದ್ದು ಇದಲ್ಲವಲ್ಲ’ ಎಂದು ವಾಪಸ್ ಕಳಿಸುತ್ತಾರೆ. ಬರೆದವರು ಸಾಲು ಸಾಲಿಗೆ ಸಮಜಾಯಿಷಿ ಕೊಡುತ್ತ ಕೂರಬೇಕು. ಇಲ್ಲಿ ಮಾಡಬೇಕಾದ್ದು ಎರಡು. ಕನ್ನಡ ಪ್ರತಿಗೆ ಕೊನೆಯ ಓಕೆ ಕೊಡುವವರು ಕನ್ನಡ ಓದುವವರೇ ಆಗಿರಬೇಕೆಂದು ಬ್ರೀಫಿನಲ್ಲೇ ಬರೆಸಿ. ಕ್ಲೈಂಟ್ ಕಡೆಯ ಮಾರ್ಕೆಟಿಂಗ್ ಟೀಮಿನಲ್ಲಿ ಅಂಥವರು ಒಬ್ಬರಾದರೂ ಸಿಗುತ್ತಾರೆ. ಇನ್ನೊಂದು, ವಾಯ್ಸ್ ಓವರ್ ಸ್ಕ್ರಿಪ್ಟನ್ನು ಕಳಿಸುವ ಮೊದಲು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಜೊತೆಗೇ ಕಳಿಸಿ. 30 ಸೆಕೆಂಡಿನ ಫಿಲ್ಮಿಗೆ 34 ಸೆಕೆಂಡು ಬರುತ್ತಿದ್ದರೆ ಇಂಗ್ಲಿಷಿನ ಯಾವ ಮಾತು ಬಿಡಬೇಕೆಂದು ಮೇಲಿನವರೇ ತೀರ್ಮಾನಿಸಲಿ. ಸ್ಟುಡಿಯೊದಲ್ಲಿ ಕಲಾವಿದರು ಮೈಕ್ ಮುಂದೆ ನಿಂತ ಮೇಲೆ ಬೈಸಿಕೊಳ್ಳುವುದು ತಪ್ಪುತ್ತದೆ.

69.9 ಗಂಟೆ

ಈ ಉದ್ಯಮದಲ್ಲಿ ಗಂಟೆಯ ಲೆಕ್ಕ ಯಾಕೆ ಮುಖ್ಯ ಎನ್ನಲು ಜಪಾನಿನ ಡೆಂಟ್ಸು ಪ್ರಕರಣಕ್ಕಿಂತ ಬೇರೆ ಬೇಕಿಲ್ಲ. ಆ ದೇಶದ ಅತಿ ದೊಡ್ಡ ಜಾಹೀರಾತು ಕಂಪನಿ ಅದು. 2015ರ ಏಪ್ರಿಲ್‌ನಲ್ಲಿ ಸೇರಿದ 24 ವರ್ಷದ ಉದ್ಯೋಗಿಯೊಬ್ಬರು ಅದೇ ವರ್ಷ ಡಿಸೆಂಬರ್ 25ರಂದು ಆತ್ಮಹತ್ಯೆ ಮಾಡಿಕೊಂಡರು. ಕಂಪನಿಯ ಒಳ ಒಪ್ಪಂದದ ಪ್ರಕಾರ ತಿಂಗಳಿಗೆ 70 ಗಂಟೆ ಓವರ್‌ಟೈಮ್ ಮಿತಿ. ಅವರ ಹೆಸರಿನಲ್ಲಿ ದಾಖಲಾಗಿದ್ದದ್ದು ಅಕ್ಟೋಬರ್‌ಗೆ 69.9, ನವೆಂಬರ್‌ಗೆ 69.5. ಇಷ್ಟು ಚೊಕ್ಕವಾಗಿ ಮಿತಿಯೊಳಗೆ ಬಂದು ನಿಲ್ಲುವ ಅಂಕಿ ನೋಡಿದರೇ ಅನುಮಾನ ಬರಬೇಕು. ಕಾರ್ಮಿಕ ಇಲಾಖೆಯ ತನಿಖೆಯಲ್ಲಿ ಒಂದು ತಿಂಗಳ ಓವರ್‌ಟೈಮ್ 100 ಗಂಟೆ ದಾಟಿದ್ದು ಹೊರಬಂತು. 2016ರಲ್ಲಿ ಅದನ್ನು ಕೆಲಸದ ಹೊರೆಯಿಂದಾದ ಸಾವು ಎಂದು ಒಪ್ಪಲಾಯಿತು. ಕಂಪನಿಯ ಅಧ್ಯಕ್ಷರು ಹುದ್ದೆ ಬಿಟ್ಟರು. 2017ರಲ್ಲಿ ನ್ಯಾಯಾಲಯ ಹಾಕಿದ ದಂಡ 5 ಲಕ್ಷ ಯೆನ್. ಅಷ್ಟು ದೊಡ್ಡ ಕಂಪನಿಗೆ ಅದು ಚಿಲ್ಲರೆ.

ಅದೇ ಕಂಪನಿಯಲ್ಲಿ 1991ರಲ್ಲೂ ಒಬ್ಬ ಯುವ ಉದ್ಯೋಗಿ ಹೀಗೇ ಸತ್ತಿದ್ದರು, 2000ದಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಕಂಪನಿಯನ್ನು ಹೊಣೆ ಮಾಡಿತ್ತು. ಆಮೇಲೂ ಬದಲಾಗದ್ದಕ್ಕೆ ಒಂದು ಕಾರಣ ಉದ್ಯೋಗಿಗಳ ಕೈಪಿಡಿಯಲ್ಲೇ ಇತ್ತು. 1951ರಲ್ಲಿ ಅಂದಿನ ಅಧ್ಯಕ್ಷರು ಬರೆದ ಹತ್ತು ಸೂತ್ರಗಳಲ್ಲಿ ಒಂದು, ಹಿಡಿದ ಕೆಲಸವನ್ನು ಸತ್ತರೂ ಬಿಡಬೇಡ ಎನ್ನುವ ಅರ್ಥದ್ದು. 2015ರ ಸಾವಿನ ನಂತರವೇ ಅದನ್ನು ಕೈಪಿಡಿಯಿಂದ ತೆಗೆದದ್ದು. ರಾತ್ರಿ 10ಕ್ಕೆ ಆಫೀಸಿನ ದೀಪ ಆರಿಸುವ ನಿಯಮವೂ ಬಂತು. ದೀಪ ಆರಿಸಿದ ಮಾತ್ರಕ್ಕೆ ಕೆಲಸ ಕಡಿಮೆಯಾಗುವುದಿಲ್ಲ, ಲ್ಯಾಪ್‌ಟಾಪ್ ಮನೆಗೆ ಹೋಗುತ್ತದೆ. ಕೆಲಸ ಒಪ್ಪಿಕೊಳ್ಳುವ ಜಾಗದಲ್ಲಿ ಮಿತಿ ಹಾಕಬೇಕು.

ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿ ದಿನಕ್ಕೆ 10 ದಾಟುವಂತಿಲ್ಲ, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರುವಂತಿಲ್ಲ, ಅದಕ್ಕೆ ಸಂಬಳ ಎರಡು ಪಟ್ಟು. ಇದನ್ನು ತಪ್ಪಿಸಿಕೊಳ್ಳುವ ದಾರಿ ಹುದ್ದೆಯ ಹೆಸರು. ಮ್ಯಾನೇಜ್‌ಮೆಂಟ್ ಸ್ಥಾನದಲ್ಲಿರುವವರಿಗೆ ಕಾಯ್ದೆ ಅನ್ವಯಿಸುವುದಿಲ್ಲ, ಹಾಗಾಗಿ ಯಾರನ್ನೂ ಮ್ಯಾನೇಜ್ ಮಾಡದ ಇಪ್ಪತ್ತೈದರ ಹುಡುಗಿಗೂ ‘ಮ್ಯಾನೇಜರ್’ ಎಂಬ ಕಾರ್ಡು ಸಿಗುತ್ತದೆ. ವಿವಾದ ಬಂದಾಗ ನೋಡುವುದು ಕಾರ್ಡನ್ನಲ್ಲ, ನಿಜವಾಗಿ ಮಾಡುತ್ತಿದ್ದ ಕೆಲಸವನ್ನು. ರಜೆ ಮಂಜೂರು ಮಾಡುವ, ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ನಿಮಗಿತ್ತೇ ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳಿ.

ಯಾವುದು ಕಿರುಕುಳ, ಯಾವುದು ಬರೀ ಕಟು ಮಾತು

ಇಲ್ಲಿಯೂ ಜಪಾನಿನವರ ಪಟ್ಟಿ ಕೆಲಸಕ್ಕೆ ಬರುತ್ತದೆ. 2019ರ ತಿದ್ದುಪಡಿಯ ನಂತರ ಅವರು ಅಧಿಕಾರದ ಕಿರುಕುಳವನ್ನು ಆರು ಬಗೆಯಾಗಿ ಗುರುತಿಸುತ್ತಾರೆ: ಕೈ ಮಾಡುವುದು; ಮಾತಿನಿಂದ ಕುಗ್ಗಿಸುವುದು; ಗುಂಪಿನಿಂದ ಹೊರಗಿಡುವುದು; ಆಗದಷ್ಟು ಕೆಲಸ ಹೇರುವುದು; ಬೇಕಂತಲೇ ಕೆಲಸ ಕೊಡದಿರುವುದು; ಖಾಸಗಿ ಬದುಕಿನಲ್ಲಿ ತಲೆಹಾಕುವುದು. ಐದನೆಯದನ್ನು ನಮ್ಮಲ್ಲಿ ಯಾರೂ ಕಿರುಕುಳವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಕ್ರಿಯೇಟಿವ್ ಆಫೀಸಿನಲ್ಲಿ ಅದು ಬಹಳ ಹರಿತ. ಹಿರಿಯ ಎಡಿಟರ್‌ಗೆ ಮೂರು ತಿಂಗಳು ಬರೀ ಸಬ್‌ಟೈಟಲ್ ಕೆಲಸ, ಬ್ರ್ಯಾಂಡ್ ಗ್ರೂಪಿನಿಂದ ಸದ್ದಿಲ್ಲದೆ ಹೆಸರು ಮಾಯ, ರಿವ್ಯೂ ಮೀಟಿಂಗಿಗೆ ಕರೆಯೇ ಇಲ್ಲ. ಕೊನೆಗೆ ಅಪ್ರೈಸಲ್‌ನಲ್ಲಿ ‘ಈ ವರ್ಷ ನಿನ್ನ ದೊಡ್ಡ ಕೆಲಸ ಒಂದೂ ಕಾಣಲಿಲ್ಲ’.

ಕೆಲಸವನ್ನು ಬೈದರೆ ಅದು ಕಟು ಮಾತು, ಸಹಿಸಬಹುದು. ‘ಈ ಲೈನ್ ಕೆಟ್ಟದಾಗಿದೆ, ಕಾರಣ ಇದು’ ಎನ್ನುವ ಒರಟು ಬಾಸಿನಿಂದ ಕಲಿತವರು ಬಹಳ ಮಂದಿ. ‘ನಿನಗೆ ಇದು ಬರಲ್ಲ, ನಿಮ್ಮೂರಿಗೆ ವಾಪಸ್ ಹೋಗು’ ಎಂದರೆ ಅದು ಕೆಲಸದ ಮಾತಲ್ಲ.

ಫ್ರಾನ್ಸ್‌ನಲ್ಲಿ ಮಾನಸಿಕ ಕಿರುಕುಳ 2002ರಿಂದಲೇ ಶಿಕ್ಷಾರ್ಹ ಅಪರಾಧ. ಯೂಬಿಸಾಫ್ಟ್ ಎಂಬ ವಿಡಿಯೊ ಗೇಮ್ ಕಂಪನಿಯ ಮೂವರು ಮಾಜಿ ಅಧಿಕಾರಿಗಳಿಗೆ 2025ರ ಜುಲೈನಲ್ಲಿ ಪ್ಯಾರಿಸ್ ಬಳಿಯ ಬೊಬಿನ್ಯಿ ನ್ಯಾಯಾಲಯ ಅಮಾನತಿನ ಜೈಲು ಶಿಕ್ಷೆ ಮತ್ತು ದಂಡ ವಿಧಿಸಿತು. ಮೂವರಲ್ಲಿ ಒಬ್ಬರು ಇಡೀ ಕಂಪನಿಯ ಗೇಮುಗಳಿಗೆ ಓಕೆ ಕೊಡುತ್ತಿದ್ದ ಕ್ರಿಯೇಟಿವ್ ಮುಖ್ಯಸ್ಥರು. ಭಾರತದಲ್ಲಿ ಇಂಥ ಸಾಮಾನ್ಯ ಕಾನೂನು ಇಲ್ಲ. ಲೈಂಗಿಕ ಕಿರುಕುಳಕ್ಕೆ ಮಾತ್ರ 2013ರ ಕಾಯ್ದೆ ಇದೆ. ಮಿಕ್ಕದ್ದನ್ನು ಗಂಟೆ, ಸಂಬಳ, ವಜಾ, ಒಪ್ಪಂದ ಎಂಬ ಬೇರೆ ಬೇರೆ ಬಾಗಿಲುಗಳಿಂದ ಹೋಗಿ ಹಿಡಿಯಬೇಕು.

ನೋಟ್‌ಬುಕ್

ದಿನಕ್ಕೆ ಐದು ನಿಮಿಷ, ಸ್ವಂತ ಪುಸ್ತಕದಲ್ಲಿ ಅಥವಾ ಸ್ವಂತ ಫೋನಿನಲ್ಲಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಖಂಡಿತ ಬೇಡ. ರಾಜೀನಾಮೆ ಕೊಟ್ಟ ದಿನವೇ ಅದು ವಾಪಸ್ ಹೋಗಬಹುದು. ಬರೆಯುವ ರೀತಿ ಹೀಗಿರಲಿ: ‘ಮಂಗಳವಾರ, ರಾತ್ರಿ 11.40, ಬ್ರ್ಯಾಂಡ್ ಗ್ರೂಪಿನಲ್ಲಿ. ಲಾಕ್ ಆದ ವಿ6 (ಆರನೇ ವರ್ಷನ್) ಬಿಟ್ಟು ವಿ3ಕ್ಕೆ ಮರಳಲು ಹೇಳಿದರು. ಕಾರಣ ಕೇಳಿದ್ದಕ್ಕೆ ಎಲ್ಲರೆದುರು “ನಿನಗೆ ಸಂಬಳ ಯಾಕೆ ಕೊಡೋದು” ಎಂದರು. ಗ್ರೂಪಿನಲ್ಲಿ ಒಂಬತ್ತು ಜನ. ಕೆಲಸ ಮುಗಿದದ್ದು 3.15ಕ್ಕೆ, ಕ್ಯಾಬ್ ಬಿಲ್ ಇದೆ. ಬುಧವಾರ ಕ್ಲೈಂಟ್ ಆರಿಸಿದ್ದು ವಿ6.’ ‘ತುಂಬಾ ಟಾಕ್ಸಿಕ್ ಆಗಿ ವರ್ತಿಸಿದರು’ ಎಂದು ಬರೆದರೆ ಓದಿದವರಿಗೆ ಏನೂ ಕಾಣುವುದಿಲ್ಲ. ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ.

ಇಲ್ಲಿ ಜನ ಎಡವುವುದು ಸಾಕ್ಷಿ ಎಂದುಕೊಂಡು ಪ್ರಾಜೆಕ್ಟ್ ಫೈಲು, ಬಿಡುಗಡೆಯಾಗದ ಫಿಲ್ಮು, ಕ್ಲೈಂಟ್ ಡೆಕ್ (ಪ್ರೆಸೆಂಟೇಷನ್) ಎಲ್ಲವನ್ನೂ ಸ್ವಂತ ಜಿಮೇಲಿಗೆ ಕಳಿಸಿಕೊಳ್ಳುವಲ್ಲಿ. ಕಂಪನಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ: ದೂರು ಕೊಟ್ಟವರು ನೀವು, ಗೋಪ್ಯತೆ ಮುರಿದ ಆರೋಪಿಯೂ ನೀವೇ. ಫೈಲು ಬೇಡ, ಫೈಲಿನ ಹೆಸರು, ದಿನಾಂಕ, ಯಾರು ಏನೆಂದರು ಎಂಬುದು ಸಾಕು. ನಿಮಗೇ ಬಂದ ವಾಟ್ಸ್ಯಾಪ್ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆದರೆ ಮೂಲ ಸಂದೇಶ ಅಳಿಸಬೇಡಿ, ಫೋನ್ ಬದಲಿಸಿದರೆ ಹಳೆಯದನ್ನು ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ.

ಆಫೀಸಿನ ಚಾಟ್‌ನಲ್ಲಿ ಸಹೋದ್ಯೋಗಿಗಳ ಗುಂಪು ಕಟ್ಟಬೇಡಿ, ಅಡ್ಮಿನ್ ಅದನ್ನು ಓದಬಲ್ಲರು. ಲಿಂಕ್ಡ್‌ಇನ್ ಪೋಸ್ಟ್ ಹಾಕುವ ಮುನ್ನ, ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿ ಈಗಲೂ ಅಪರಾಧ, ಎರಡು ವರ್ಷದವರೆಗೆ ಸಜೆ ಇದೆ ಎಂಬುದು ನೆನಪಿರಲಿ.

ಎಚ್‌ಆರ್ ಬಾಗಿಲು, ಅದರಾಚೆ

ಎಚ್‌ಆರ್ ಕಂಪನಿಯ ನೌಕರರು. ಅವರಿಂದ ನ್ಯಾಯ ನಿರೀಕ್ಷಿಸುವುದಕ್ಕಿಂತ ದಾಖಲೆ ನಿರೀಕ್ಷಿಸಿ. ನಲವತ್ತು ಘಟನೆಯ ಪಟ್ಟಿ ಒಯ್ದರೆ ನಲವತ್ತೂ ಕರಗಿಹೋಗುತ್ತವೆ. ಅತ್ಯಂತ ಗಟ್ಟಿಯಾದ ಮೂರು, ದಿನಾಂಕ ಸಮೇತ, ಒಂದೇ ಪುಟದಲ್ಲಿ. ಕೊನೆಗೆ ಒಂದೋ ಎರಡೋ ಬೇಡಿಕೆ, ಅದೂ ನಾಳೆಯಿಂದಲೇ ಮಾಡಬಹುದಾದಂಥದ್ದು: ಫೀಡ್‌ಬ್ಯಾಕ್ ಬರವಣಿಗೆಯಲ್ಲಿ ಬರಲಿ, ರಿವ್ಯೂನಲ್ಲಿ ಪ್ರೊಡ್ಯೂಸರ್ ಕೂಡ ಕೂರಲಿ, ಲಾಕ್ ಆದ ನಂತರದ ಬದಲಾವಣೆಗೆ ಹೊಸ ಸಮಯ ಸಿಗಲಿ. ‘ಅವರು ಬದಲಾಗಬೇಕು’ ಎಂಬುದು ಬೇಡಿಕೆಯಲ್ಲ. ಮಾತಾಡಿ ಬಂದ ಮೇಲೆ, ‘ಇಂದು ನಾವು ಮಾತಾಡಿದ್ದು ಇದು’ ಎಂದು ಅದೇ ದಿನ ಮೇಲ್ ಹಾಕಿ.

ಹೆಚ್ಚಿನ ಕಡೆ ಇದರ ಮುಂದಿನ ಹೆಜ್ಜೆ ಪಿಐಪಿ, ಅಂದರೆ ‘ನಿಮ್ಮ ಕೆಲಸ ಸುಧಾರಿಸಿಕೊಳ್ಳಿ’ ಎಂಬ 30, 60 ಅಥವಾ 90 ದಿನದ ಕಾಗದ. ಸಹಿ ಹಾಕುವಾಗ ‘ಸ್ವೀಕರಿಸಿದ್ದೇನೆ, ಒಪ್ಪಿಗೆ ಎಂದಲ್ಲ’ ಎಂದು ಬರೆಯಿರಿ. ಗುರಿಗಳನ್ನು ಎಣಿಸಲು ಬರುವಂತೆ ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಿ. ‘ಕ್ರಿಯೇಟಿವ್ ಗುಣಮಟ್ಟ ಹೆಚ್ಚಬೇಕು’ ಎಂಬುದನ್ನು ಯಾರೂ ಯಾವತ್ತೂ ಪೂರೈಸಲಾರರು. ಹಾಗೆ ಬರೆಯುವುದೂ ಅದಕ್ಕೇ.

ಲೈಂಗಿಕ ಕಿರುಕುಳವಾದರೆ ದಾರಿ ಬೇರೆ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಕಡ್ಡಾಯ. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಮಿತಿ ಒಪ್ಪಿದರೆ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅದು ನಡೆಯುವಾಗ ದೂರುದಾರರು ವರ್ಗಾವಣೆ ಅಥವಾ 3 ತಿಂಗಳವರೆಗೆ ರಜೆ ಕೇಳಬಹುದು. ಶೂಟಿಂಗ್ ಲೊಕೇಶನ್, ಔಟ್‌ಸ್ಟೇಷನ್ ಹೋಟೆಲು, ಕಂಪನಿ ಕೊಟ್ಟ ಕ್ಯಾಬು ಎಲ್ಲವೂ ಕೆಲಸದ ಸ್ಥಳವೇ. ಇಂಟರ್ನ್‌ಗಳೂ ಇದರೊಳಗೆ ಬರುತ್ತಾರೆ. ಎಂಟು ಜನರ ಸ್ಟುಡಿಯೊ ಆದರೆ, ಅಥವಾ ದೂರು ಮಾಲೀಕರ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ಅನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಕಂಪನಿಗಳಿಗೆ ಕರ್ನಾಟಕ ಸರ್ಕಾರ, ಕೆಲಸದ ನಿಯಮಗಳನ್ನು ಬರೆದಿಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳ ಜೊತೆಗೇ ವಿನಾಯಿತಿ ಕೊಡುತ್ತ ಬಂತು. 2024ರ ಮಾರ್ಚ್‌ನಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿದಾಗ ಷರತ್ತು ಹಾಕಿತ್ತು: ಮಾಲೀಕರ ಕಡೆಯವರೂ ನೌಕರರ ಕಡೆಯವರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾದಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ 20 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಅಂಥ ಸಮಿತಿ ಇರಬೇಕು. ಘಟನೆಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ‘ನಮ್ಮ ಸಮಿತಿಯ ಸದಸ್ಯರು ಯಾರು?’ ಎಂದು ಒಂದು ಸಾಲಿನ ಮೇಲ್ ಹಾಕಿ ನೋಡಿ. ಮರುದಿನ ಎಚ್‌ಆರ್ ಧ್ವನಿ ಬದಲಾದರೆ ಆಶ್ಚರ್ಯವಿಲ್ಲ. ಮೌನವಾದರೆ ಮುಂದಿನ ವಿಳಾಸ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ.

ನಿದ್ದೆ ಹೋಗಿ, ಫೋನಿನ ಸದ್ದಿಗೇ ಎದೆ ಹೊಡೆದುಕೊಳ್ಳುವ ಹಂತ ಬಂದಿದ್ದರೆ ಇದ್ಯಾವುದಕ್ಕೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಚೀಟಿ ರಜೆಗೂ ಬೇಕು, ದಾಖಲೆಗೂ ಬೇಕು.

ಬಿಟ್ಟು ಹೋಗುವಾಗ

ಹೆದರಿಸಲು ಬಳಸುವ ಕಾಗದ ಮೂರು. ಮೊದಲನೆಯದು, ‘ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು’ ಎಂಬ ಷರತ್ತು. ಕೆಲಸ ಬಿಟ್ಟ ನಂತರಕ್ಕೆ ಹಾಕುವ ಇಂಥ ನಿರ್ಬಂಧ ಭಾರತೀಯ ಕರಾರು ಕಾಯ್ದೆ, 1872ರ 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಕೆಲಸದಲ್ಲಿರುವಾಗ ಹೊರಗಿನ ಕೆಲಸ ಮಾಡಬಾರದೆಂಬುದು ಮಾತ್ರ ನಿಲ್ಲುತ್ತದೆ, ಹಾಗಾಗಿ ನೋಟಿಸ್ ಅವಧಿಯಲ್ಲಿ ಫ್ರೀಲ್ಯಾನ್ಸ್ ಮಾಡಬೇಡಿ. ಎರಡನೆಯದು ಬಾಂಡ್. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟಿನಿಂದ ಹೋದ ಪ್ರಕರಣ ಅದು. ಅಲ್ಲಿ ಸಾರ್ವಜನಿಕ ಬ್ಯಾಂಕಿನ ನೇಮಕಾತಿ ಪ್ರಕ್ರಿಯೆ, ಅದರ ಖರ್ಚು ತೂಕಕ್ಕೆ ಬಂದವು. ತರಬೇತಿಯನ್ನೇ ಕೊಡದ ಸ್ಟುಡಿಯೊ ಅದೇ ತೀರ್ಪು ತೋರಿಸಿದರೆ, ಯಾವ ತರಬೇತಿ, ಎಷ್ಟು ಖರ್ಚು, ಬಿಲ್ ಎಲ್ಲಿ ಎಂದು ಕೇಳಿ. ಮೂರನೆಯದು ‘ಫುಲ್ ಆ್ಯಂಡ್ ಫೈನಲ್ (ಬಾಕಿ ಲೆಕ್ಕ ಚುಕ್ತಾ) 45 ದಿನ ಆಗುತ್ತೆ’ ಎಂಬ ಮಾತು. ವೇತನ ಸಂಹಿತೆ, 2019ರ 17ನೇ ಸೆಕ್ಷನ್ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನವೂ ಎರಡು ಕೆಲಸದ ದಿನಗಳಲ್ಲಿ ಬರಬೇಕು.

ಹೆಸರಿನ ವಿಷಯ. ಸಂಬಳಕ್ಕಿದ್ದಾಗ ಮಾಡಿದ ಕೆಲಸದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದು. ಆದರೆ ಕೃತಿಸ್ವಾಮ್ಯ ಕಾಯ್ದೆ, 1957ರ 57ನೇ ಸೆಕ್ಷನ್ ಕೃತಿ ನನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೇ ಬಿಟ್ಟಿದೆ. ಅವಾರ್ಡ್ ಎಂಟ್ರಿಯಲ್ಲಿ ನಿಮ್ಮ ಹೆಸರು ಬಿಟ್ಟಿದ್ದರೆ ಬ್ರೀಫ್ ಮೇಲ್, ವರ್ಷನ್ ದಾಖಲೆ ಸಮೇತ ತಕ್ಷಣ ಕೇಳಿ. ಎಂಟ್ರಿ ಗಡುವು ಮುಗಿದ ಮೇಲೆ ಹೆಸರು ಸೇರಿಸುವುದು ಕಷ್ಟ. ಫ್ರೀಲ್ಯಾನ್ಸರ್‌ಗಳಿಗೆ ನಿಯಮ ಬೇರೆ: ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು, ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ.

ಕೊನೆಯ ವಾರದ ಕೆಲಸ: ಕೈಬದಲಿಸಿದ ಪ್ರತಿ ಪ್ರಾಜೆಕ್ಟಿನ ಪಟ್ಟಿ, ಯಾವ ಫೋಲ್ಡರಿನಲ್ಲಿ ಯಾವ ವರ್ಷನ್ ಇದೆ ಎಂಬುದರ ಸಮೇತ ಮೇಲ್ ಮಾಡಿ ‘ಸಿಕ್ಕಿದೆ’ ಎಂಬ ಉತ್ತರ ಪಡೆಯಿರಿ. ಹಾರ್ಡ್ ಡಿಸ್ಕ್, ಕ್ಯಾಮೆರಾ ಕಾರ್ಡು, ಲ್ಯಾಪ್‌ಟಾಪಿಗೆ ರಸೀತಿ. ಬಿಡುಗಡೆಯಾದ ಯಾವ ಕೆಲಸಗಳನ್ನು ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದೆಂದು ಹೆಸರು ಹೇಳಿ ಒಪ್ಪಿಗೆ ಕೇಳಿ; ಆಫೀಸಿನ ಮೇಲ್ ಬಂದ್ ಆಗುವ ಮುನ್ನ ಆ ಒಪ್ಪಿಗೆ ನಿಮ್ಮ ಸ್ವಂತ ವಿಳಾಸಕ್ಕೂ ಬರಲಿ. ಪಿಎಫ್ ಖಾತೆಯಲ್ಲಿ ಕಂಪನಿ ಕೆಲಸ ಬಿಟ್ಟ ದಿನಾಂಕ ಹಾಕದೆ ಸತಾಯಿಸಿದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಸದಸ್ಯರ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಹಾಕಿಕೊಳ್ಳಬಹುದು.